ಸಮುರಾಯ್ ಶಿಸ್ತು ನಮಗೆ ಮಾದರಿಯೇ?

ಕಳೆದ ತಿಂಗಳು ನಮ್ಮ ಸಭಾಂಗಣದಲ್ಲಿ ನಡೆದ ಚರ್ಚಾ ಸ್ಪರ್ಧೆ ಹಲವರಿಗೆ ನೆನಪಿರಬಹುದು. ವಿಷಯ, 'ಜಪಾನಿನ ಸಮುರಾಯ್ ಶಿಸ್ತು ಇಂದಿನ ವಿದ್ಯಾರ್ಥಿಗಳಿಗೆ ಮಾದರಿ'. ಚೀಟಿ ಎತ್ತಿದಾಗ ನನಗೆ 'ಪರ' ಬಂತು. ನಾಲ್ಕು ನಿಮಿಷ ಮಾತಾಡಿದೆ. ಸಮುರಾಯ್ ಎಂದರೆ ನಿಷ್ಠೆ, ಕೊಟ್ಟ ಮಾತಿಗೆ ತಪ್ಪದವನು, ಒಡೆಯನಿಗಾಗಿ ಪ್ರಾಣ ಕೊಡುವವನು ಎಂದೆಲ್ಲ ಹೇಳಿದೆ. "ಒಂದು ದೇಶ ಮೇಲೆ ಬರಬೇಕಾದರೆ ಮೇಲಿನವರ ಮಾತನ್ನು ಕೆಳಗಿನವರು ಪ್ರಶ್ನಿಸದೆ ಕೇಳಬೇಕು" ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು. ದ್ವಿತೀಯ ಬಹುಮಾನವೂ ಬಂತು.

ವೇದಿಕೆಯಿಂದ ಇಳಿದಾಗ ನಮ್ಮ ಇತಿಹಾಸ ಉಪನ್ಯಾಸಕರು ನಗುತ್ತಾ ಕೇಳಿದರು: "ಚೆನ್ನಾಗಿ ಮಾತಾಡಿದೆಯಮ್ಮ. ಆದರೆ ಆ ಸಮುರಾಯ್‌ಗೆ ಅನ್ನ ಎಲ್ಲಿಂದ ಬರುತ್ತಿತ್ತು?"

ನನ್ನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಉಳಿದು, ಮೂರು ವಾರ ಮಧ್ಯಾಹ್ನದ ನಮಾಝ್ ಮುಗಿದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಓದಿದಷ್ಟೂ ನಾನು ಆ ದಿನ ಆಡಿದ ಮಾತು ನನಗೇ ಮುಜುಗರ ತಂದಿತು. ಬಹುಮಾನವಾಗಿ ಬಂದ ಪುಸ್ತಕವನ್ನು ಹಿಂದಿರುಗಿಸುವುದಿಲ್ಲ, ಅದು ನನಗೆ ಇಷ್ಟವಾಗಿದೆ. ಆದರೆ ಆಡಿದ ಮಾತನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಮಾತು ಕೇಳಿ ಚಪ್ಪಾಳೆ ತಟ್ಟಿದವರಿಗೆ ಕಾರಣ ಹೇಳುವುದು ನನ್ನ ಕರ್ತವ್ಯ.

ಪ್ರಥಮ ಪಿಯುಸಿ ಇತಿಹಾಸದಲ್ಲಿ ಯುರೋಪಿನ ಊಳಿಗಮಾನ್ಯ ಪದ್ಧತಿಯನ್ನು ಓದಿದವರಿಗೆ ಜಪಾನಿನ ಕಥೆ ಪೂರ್ತಿ ಹೊಸದೆನಿಸುವುದಿಲ್ಲ. ಅಲ್ಲೂ ಭೂಮಿಯೇ ಅಧಿಕಾರದ ಮೂಲ. ಕ್ಯೋಟೋದಲ್ಲಿ ಚಕ್ರವರ್ತಿ ಇದ್ದ. ಆದರೆ 1185ರಲ್ಲಿ ಎದುರಾಳಿ ಮನೆತನವನ್ನು ಸೋಲಿಸಿದ ಮಿನಾಮೋಟೋ ಯೋರಿಟೋಮೋ ಎಂಬ ಯೋಧ ದೂರದ ಕಮಕೂರಾದಲ್ಲಿ ತನ್ನದೇ ಆಡಳಿತ ನಡೆಸಿದ. 1192ರಲ್ಲಿ ಚಕ್ರವರ್ತಿಯ ಆಸ್ಥಾನದಿಂದ ಅವನಿಗೆ 'ಶೋಗನ್' ಎಂಬ ಬಿರುದು ಸಿಕ್ಕಿತು. ಅಲ್ಲಿಂದ 1868ರವರೆಗೆ, ನಡುವೆ ಕೆಲವು ಬಿಡುವು ಬಿಟ್ಟರೆ, ಸಿಂಹಾಸನ ಚಕ್ರವರ್ತಿಯದು, ಆಳ್ವಿಕೆ ಯೋಧರದು.

ಯೋರಿಟೋಮೋ ತನ್ನ ಕಡೆಯ ಯೋಧರಿಗೆ ಹಳ್ಳಿಗಳ ಮೇಲ್ವಿಚಾರಣೆ ಮತ್ತು ಕಂದಾಯದಲ್ಲಿ ಪಾಲು ಕೊಟ್ಟ. ಪ್ರತಿಯಾಗಿ ಅವರು ಯುದ್ಧಕ್ಕೆ ಬರಬೇಕಿತ್ತು. ನಾನು ವೇದಿಕೆಯ ಮೇಲೆ ಹೊಗಳಿದ 'ನಿಷ್ಠೆ'ಯ ಬೇರು ಇಲ್ಲಿದೆ. ಅದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ವ್ಯವಹಾರ ಮುರಿದಾಗ ನಿಷ್ಠೆಯೂ ಮುರಿಯಿತು ಎನ್ನುವುದಕ್ಕೆ ಸಾಕ್ಷಿ ಇದೆ. 1274 ಮತ್ತು 1281ರಲ್ಲಿ ಮಂಗೋಲರ ಹಡಗುಗಳು ಜಪಾನಿನ ಮೇಲೆ ಬಂದವು. ಎರಡೂ ಸಲ ಅವರು ಹಿಮ್ಮೆಟ್ಟಿದರು. ಆದರೆ ಹೊರಗಿನ ಶತ್ರುವನ್ನು ಓಡಿಸಿದರೆ ಹಂಚಲು ಹೊಸ ಭೂಮಿ ಎಲ್ಲಿಂದ ಬರಬೇಕು? ಸಾಲ ಮಾಡಿ ಯುದ್ಧಕ್ಕೆ ಬಂದ ಯೋಧರಿಗೆ ಕೊಡಲು ಕಮಕೂರಾದ ಬಳಿ ಹೆಚ್ಚೇನೂ ಇರಲಿಲ್ಲ. ಅಸಮಾಧಾನ ಬೆಳೆಯಿತು. 1333ರಲ್ಲಿ ಆ ಸರ್ಕಾರ ಬಿದ್ದಾಗ ಅದರ ಮೇಲೆ ತಿರುಗಿಬಿದ್ದವರಲ್ಲಿ ಅದರ ಸ್ವಂತ ಯೋಧರೇ ಇದ್ದರು.

'ಸಮುರಾಯ್ ಎಂದೂ ದ್ರೋಹ ಮಾಡಲಿಲ್ಲ' ಎಂದೂ ನಾನು ಹೇಳಿದ್ದೆ. ಇದಂತೂ ಶುದ್ಧ ತಪ್ಪು. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಕ್ಯೋಟೋ ನಗರ ಸುಟ್ಟು ಬೂದಿಯಾಯಿತು. ಮುಂದಿನ ನೂರು ವರ್ಷ ಸಾಮಂತ ಒಡೆಯನನ್ನು ಉರುಳಿಸುವುದು, ಮಗ ತಂದೆಯನ್ನು ಓಡಿಸುವುದು ಮಾಮೂಲಾಯಿತು. ಜಪಾನನ್ನು ಒಂದುಗೂಡಿಸಲು ಹೊರಟ ಓಡಾ ನೊಬುನಾಗ 1582ರಲ್ಲಿ ಸತ್ತದ್ದು ತನ್ನದೇ ಸೇನಾನಿಯೊಬ್ಬ ಮುತ್ತಿಗೆ ಹಾಕಿದ್ದರಿಂದ. ಮುಂದಿನ ಇನ್ನೂರೈವತ್ತು ವರ್ಷಗಳ ಹಣೆಬರಹ ಬರೆದ 1600ರ ಸೆಕಿಗಹಾರ ಯುದ್ಧ ತಿರುವು ಪಡೆದದ್ದೂ ಕೊಬಾಯಕಾವಾ ಹಿದೆಆಕಿ ಎಂಬ ತರುಣ ಒಡೆಯ ಯುದ್ಧದ ನಡುವೆಯೇ ಪಕ್ಷ ಬದಲಿಸಿದ್ದರಿಂದ. ಇದನ್ನು ಓದಿದಾಗ ನನಗೆ ನಗು ಬಂತು. ನಾನು ನಿಷ್ಠೆಯ ಯುಗ ಎಂದು ಹೊಗಳಿದ ಕಾಲದ ಬಾಗಿಲನ್ನು ತೆರೆದದ್ದೇ ಒಂದು ಪಕ್ಷಾಂತರ!

ಈ ಎರಡು ಘಟನೆಗಳ ನಡುವೆ ಬರುವವನು ತೋಯೋಟೋಮಿ ಹಿದೆಯೋಶಿ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವನು ಇವನೇ. ಹುಟ್ಟಿದ್ದು ತೀರಾ ಸಾಮಾನ್ಯರ ಮನೆಯಲ್ಲಿ. ಕೆಳದರ್ಜೆಯ ಊಳಿಗದಿಂದ ಆರಂಭಿಸಿ ಬುದ್ಧಿ, ಧೈರ್ಯ, ಅದೃಷ್ಟಗಳಿಂದ ಇಡೀ ಜಪಾನಿನ ಒಡೆಯನಾದ. ಇಂಥವನು ಅಧಿಕಾರಕ್ಕೆ ಬಂದ ಮೇಲೆ ಬಡವರ ಮಕ್ಕಳಿಗೆ ದಾರಿ ತೆರೆದನೇ? ಇಲ್ಲ. ತಾನು ಹತ್ತಿ ಬಂದ ಏಣಿಯನ್ನು ಒದ್ದು ಬಿಟ್ಟ. 1588ರಲ್ಲಿ ರೈತರ ಬಳಿ ಇದ್ದ ಕತ್ತಿ, ಈಟಿ, ಬಂದೂಕುಗಳನ್ನೆಲ್ಲ ಕಿತ್ತುಕೊಳ್ಳಲು ಆಜ್ಞೆ ಹೊರಡಿಸಿದ. ಆ ಕಬ್ಬಿಣದಿಂದ ಮಹಾಬುದ್ಧನ ಮಂದಿರಕ್ಕೆ ಮೊಳೆ ಮಾಡುತ್ತೇವೆ, ಇದರಿಂದ ರೈತರಿಗೆ ಇಹದಲ್ಲೂ ಪರದಲ್ಲೂ ಒಳ್ಳೆಯದಾಗುತ್ತದೆ ಎಂದು ಆಜ್ಞೆಯಲ್ಲೇ ಸಮಜಾಯಿಷಿ ಕೊಟ್ಟ. 1591ರಲ್ಲಿ ಇನ್ನೊಂದು ಆಜ್ಞೆ: ಯೋಧ ರೈತನಾಗುವಂತಿಲ್ಲ, ರೈತ ಹೊಲ ಬಿಟ್ಟು ವ್ಯಾಪಾರಕ್ಕೆ ಹೋಗುವಂತಿಲ್ಲ. ಅವನದೇ ಊರಿನಲ್ಲಿ ಈ ಆಜ್ಞೆಗಳ ನಂತರ ಹುಟ್ಟಿದ ಇನ್ನೊಬ್ಬ ಜಾಣ ರೈತ ಹುಡುಗ ಜೀವನಪೂರ್ತಿ ಗದ್ದೆಯಲ್ಲೇ ಉಳಿಯಬೇಕಾಯಿತು.

ಧರ್ಮದ ಹೆಸರು ಹೇಳಿ ಆಯುಧ ಕಿತ್ತುಕೊಳ್ಳುವುದು, ಶಾಂತಿಯ ಹೆಸರು ಹೇಳಿ ಬಾಗಿಲು ಮುಚ್ಚುವುದು. ಅಧಿಕಾರದ ಈ ಚಾಳಿಯನ್ನು ನಾವು ಗುರುತಿಸಲು ಕಲಿಯಬೇಕು ಎಂಬುದು ನನ್ನ ಅನಿಸಿಕೆ.

1603ರಲ್ಲಿ ಟೊಕುಗಾವಾ ಇಯೆಯಾಸು ಶೋಗನ್ ಆದ. ಇಂದಿನ ಟೋಕಿಯೋ ಆಗಿರುವ ಎಡೋ ಅವನ ರಾಜಧಾನಿ. ದೇಶ ಸುಮಾರು 260 ದೈಮ್ಯೋಗಳ, ಅಂದರೆ ಪ್ರಾಂತ್ಯದ ಒಡೆಯರ, ನಡುವೆ ಹಂಚಿಹೋಗಿತ್ತು. ಇಷ್ಟೊಂದು ಮಂದಿ ಶಸ್ತ್ರಸಜ್ಜಿತ ಒಡೆಯರನ್ನು ಹದ್ದುಬಸ್ತಿನಲ್ಲಿ ಇಟ್ಟದ್ದು ಹೇಗೆ? ಮೂರನೆಯ ಶೋಗನ್ 1635ರಲ್ಲಿ ನಿಯಮವನ್ನೇ ಮಾಡಿದ. ದೈಮ್ಯೋ ಸಾಮಾನ್ಯವಾಗಿ ಒಂದು ವರ್ಷ ಎಡೋದಲ್ಲಿ, ಒಂದು ವರ್ಷ ತನ್ನ ಪ್ರಾಂತ್ಯದಲ್ಲಿ ಇರಬೇಕು. ಅವನು ಊರಿಗೆ ಹೋದಾಗಲೂ ಹೆಂಡತಿ ಮತ್ತು ಉತ್ತರಾಧಿಕಾರಿ ಮಗ ಎಡೋದಲ್ಲೇ ಉಳಿಯಬೇಕು. ಮರ್ಯಾದೆಯ ಮಾತಿನಲ್ಲಿ ಅವರು ಅತಿಥಿಗಳು, ನಿಜದಲ್ಲಿ ಒತ್ತೆಯಾಳುಗಳು. ಹಾಕೋನೆಯಂಥ ತನಿಖಾ ಠಾಣೆಗಳಲ್ಲಿ ಕಾವಲುಗಾರರು ಮುಖ್ಯವಾಗಿ ನೋಡುತ್ತಿದ್ದದ್ದು ಎರಡನ್ನು: ಎಡೋದ ಒಳಗೆ ಬಂದೂಕು ಬರುತ್ತಿದೆಯೇ, ಎಡೋದಿಂದ ಹೊರಗೆ ಹೆಂಗಸರು ಹೋಗುತ್ತಿದ್ದಾರೆಯೇ. ನಿಷ್ಠೆಯ ಮೇಲೆ ಅಷ್ಟು ನಂಬಿಕೆ ಇದ್ದಿದ್ದರೆ ಹೆಂಡತಿ ಮಕ್ಕಳನ್ನು ಅಡ ಇಟ್ಟುಕೊಳ್ಳುವ ಅಗತ್ಯ ಏನಿತ್ತು?

ಈಗ ನಮ್ಮ ಸರ್ ಕೇಳಿದ ಪ್ರಶ್ನೆಗೆ ಬರುತ್ತೇನೆ.

ಆ ಕಾಲದಲ್ಲಿ ಒಡೆಯನ ಅಂತಸ್ತನ್ನು ಅಳೆಯುತ್ತಿದ್ದದ್ದು ಅಕ್ಕಿಯಲ್ಲಿ. ಅಳತೆಯ ಹೆಸರು 'ಕೊಕು'. ಒಂದು ಕೊಕು ಎಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುತ್ತದೆ ಎಂಬ ಲೆಕ್ಕ. ಹತ್ತು ಸಾವಿರ ಕೊಕು ಬೆಳೆಯುವ ಭೂಮಿ ಇದ್ದವನು ದೈಮ್ಯೋ. ಅತಿ ದೊಡ್ಡ ಪ್ರಾಂತ್ಯವಾದ ಕಾಗಾದ ಒಡೆಯನದು ಹತ್ತು ಲಕ್ಷ ಕೊಕುವಿಗೂ ಹೆಚ್ಚು. ಅವನು ಎಡೋಗೆ ಹೊರಟರೆ ಸಾವಿರಾರು ಜನರ ಮೆರವಣಿಗೆ. ಸಮುರಾಯ್‌ಗಳಿಗೆ ಸಂಬಳವೂ ಅಕ್ಕಿಯ ಲೆಕ್ಕದಲ್ಲೇ. ಅವರು ಕುಟುಂಬಗಳೂ ಸೇರಿ ಜನಸಂಖ್ಯೆಯಲ್ಲಿ ನೂರಕ್ಕೆ ಆರೇಳು ಮಂದಿ. ಸುಮಾರು ಎಂಬತ್ತು ಮಂದಿ ರೈತರು. ಬೆಳೆದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ನಲವತ್ತರಿಂದ ಐವತ್ತು ಪಾಲು ಕಂದಾಯಕ್ಕೆ ಹೋಗುತ್ತಿತ್ತು.

ಕಂದಾಯವನ್ನು ಹಾಕುತ್ತಿದ್ದದ್ದು ಇಡೀ ಹಳ್ಳಿಯ ಮೇಲೆ. ಐದೈದು ಮನೆಗಳ ಗುಂಪು ಮಾಡಿ, ಒಂದು ಮನೆಯವನು ಕಟ್ಟದಿದ್ದರೆ ಉಳಿದ ನಾಲ್ಕು ಮನೆಗಳು ಹೊಣೆ ಎಂದಿದ್ದರು. ಹೀಗೆ ಮಾಡಿದರೆ ಪೊಲೀಸರು ಬೇಕಿಲ್ಲ, ನೆರೆಯವನೇ ನೆರೆಯವನಿಗೆ ಕಾವಲು. ಮೇಲ್ನೋಟಕ್ಕೆ ಇದು ಎಷ್ಟು ಶಿಸ್ತಾಗಿ ಕಾಣುತ್ತದೆ! ಅಕ್ಕಿ ಬೆಳೆದ ಬಹಳಷ್ಟು ಮನೆಗಳಲ್ಲಿ ದಿನನಿತ್ಯ ಬೇಯುತ್ತಿದ್ದದ್ದು ಜವೆಗೋಧಿ, ನವಣೆಯಂಥ ಧಾನ್ಯಗಳು. 1780ರ ದಶಕದ ತೆನ್ಮೇ ಬರಗಾಲದಲ್ಲಿ, 1783ರಲ್ಲಿ ಅಸಾಮಾ ಜ್ವಾಲಾಮುಖಿ ಬೇರೆ ಸಿಡಿದು, ಉತ್ತರದ ಹಳ್ಳಿಗಳಲ್ಲಿ ಲಕ್ಷಾಂತರ ಜನ ಸತ್ತರು.

1830ರ ದಶಕದಲ್ಲಿ ಮತ್ತೆ ಬರ ಬಂದಾಗ ಒಸಾಕಾ ನಗರದಲ್ಲಿ ಓಶಿಯೋ ಹೆಯ್‌ಹಚಿರೋ ಎಂಬ ನಿವೃತ್ತ ಅಧಿಕಾರಿ ಇದ್ದ. ಅವನು ಸಮುರಾಯ್, ವಿದ್ವಾಂಸ, ಮನೆಯಲ್ಲೇ ಪಾಠಶಾಲೆ ನಡೆಸುತ್ತಿದ್ದ. ಹಸಿದವರಿಗೆ ನೆರವು ಕೊಡಿ ಎಂದು ಮೇಲಧಿಕಾರಿಗಳನ್ನು ಬೇಡಿಕೊಂಡ, ಕೇಳಲಿಲ್ಲ. ತನ್ನ ಪುಸ್ತಕಗಳನ್ನೆಲ್ಲ ಮಾರಿ ಬಡವರಿಗೆ ಹಣ ಹಂಚಿದ. ಕೊನೆಗೆ 1837ರಲ್ಲಿ ಶಿಷ್ಯರೊಡನೆ ಬಂಡೆದ್ದ. ದಂಗೆ ಒಂದೇ ದಿನದಲ್ಲಿ ಅಡಗಿತು, ಬೆಂಕಿ ಬಿದ್ದು ಬಡವರ ಮನೆಗಳೂ ಸುಟ್ಟವು, ಅವನೂ ಸತ್ತ. ಅವನು ಹಿಡಿದ ದಾರಿ ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಪ್ರಶ್ನಿಸದೆ ವಿಧೇಯನಾಗಿರುವುದೇ ಸಮುರಾಯ್ ಗುಣವಾದರೆ, ಪುಸ್ತಕ ಮಾರಿ ಅನ್ನ ಕೊಟ್ಟ ಈ ಸಮುರಾಯ್‌ನನ್ನು ಎಲ್ಲಿ ಇಡೋಣ?

ಇನ್ನೊಂದು ಘಟನೆ ನನ್ನನ್ನು ಬಹಳ ಕಾಡಿತು. 1614ರಲ್ಲಿ ಟೊಕುಗಾವಾ ಸರ್ಕಾರ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ದಕ್ಷಿಣದ ಶಿಮಬಾರಾ ಮತ್ತು ಅಮಾಕುಸಾ ಪ್ರದೇಶಗಳಲ್ಲಿ ಕ್ರೈಸ್ತ ರೈತರು ಬಹಳ ಇದ್ದರು. ಅಲ್ಲಿನ ಒಡೆಯರು ಅವರ ನಂಬಿಕೆಯನ್ನೂ ಹಿಂಡಿದರು, ಬೆಳೆಯನ್ನೂ ಹಿಂಡಿದರು. 1637ರಲ್ಲಿ ರೈತರು ದಂಗೆ ಎದ್ದು ಹಳೆಯ ಹಾರಾ ಕೋಟೆಯಲ್ಲಿ ಸೇರಿಕೊಂಡರು. ಅವರ ನಾಯಕ ಅಮಾಕುಸಾ ಶಿರೋ. ವಯಸ್ಸು ಹದಿನಾರೋ ಹದಿನೇಳೋ, ನಮ್ಮ ತರಗತಿಯಲ್ಲಿ ಕುಳಿತುಕೊಳ್ಳುವ ಪ್ರಾಯ. ಸರ್ಕಾರ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿತು. 1638ರ ವಸಂತದಲ್ಲಿ ಕೋಟೆ ಬಿದ್ದಾಗ ಒಳಗಿದ್ದ ಗಂಡಸರು, ಹೆಂಗಸರು, ಮಕ್ಕಳು ಬಹುತೇಕ ಎಲ್ಲರನ್ನೂ ಕೊಂದರು. ಆ ಮೇಲೆ ಶಿಮಬಾರಾದ ಒಡೆಯನ ತಲೆಯನ್ನೂ ಸರ್ಕಾರ ತೆಗೆಯಿತು. ಅಂದರೆ ತಪ್ಪು ಅವನದು ಎಂದು ಸರ್ಕಾರಕ್ಕೂ ಗೊತ್ತಿತ್ತು. ಸತ್ತವರಿಗೆ ಅದರಿಂದ ಏನು ಪ್ರಯೋಜನ?

ನಂತರ ಬಂದದ್ದು ಕಾಗದದ ಆಳ್ವಿಕೆ. ಪ್ರತಿಯೊಂದು ಕುಟುಂಬ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಿ, ತಾವು ಕ್ರೈಸ್ತರಲ್ಲ ಎಂಬ ದೃಢೀಕರಣ ಪಡೆಯಬೇಕು. ನಾಗಸಾಕಿಯಂಥ ಕಡೆ ಜನ ವರ್ಷಕ್ಕೊಮ್ಮೆ ಸಾಲಾಗಿ ನಿಂತು ಯೇಸು ಅಥವಾ ಮೇರಿಯ ಚಿತ್ರವಿದ್ದ ಫಲಕವನ್ನು ಕಾಲಲ್ಲಿ ತುಳಿಯಬೇಕು. ತುಳಿಯಲು ಹಿಂಜರಿದವರು ಸಿಕ್ಕಿಬಿದ್ದರು. ಹಾಗಿದ್ದೂ ಕೆಲವು ಹಳ್ಳಿಗಳಲ್ಲಿ ಜನ ಗುಟ್ಟಾಗಿ ಪ್ರಾರ್ಥನೆ ಉಳಿಸಿಕೊಂಡರು. ಪಾದ್ರಿ ಇಲ್ಲ, ಪುಸ್ತಕ ಇಲ್ಲ, ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲೇ ಬಂತು. 1865ರಲ್ಲಿ ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಹೊಸದಾಗಿ ಕಟ್ಟಿದ್ದ ಓಉರಾ ಚರ್ಚಿಗೆ ಕೆಲವು ಹಳ್ಳಿಗರು ಬಂದು, ತಮ್ಮ ಮನಸ್ಸಿನಲ್ಲಿರುವುದೂ ಇದೇ ಎಂದು ಅಲ್ಲಿನ ಪಾದ್ರಿಗೆ ಮೆಲ್ಲಗೆ ತಿಳಿಸಿದರು. ಇನ್ನೂರಕ್ಕೂ ಹೆಚ್ಚು ವರ್ಷ ಅಡಗಿದ್ದ ಮಾತು ಅದು. ನಿಷೇಧದ ಫಲಕಗಳು ಇಳಿದದ್ದು 1873ರಲ್ಲಿ.

ಅವರು ನಮ್ಮ ಧರ್ಮದವರಲ್ಲ. ಆದರೆ ಓದುವಾಗ ಅದು ನನಗೆ ಬೇರೆಯವರ ಕಥೆ ಎನಿಸಲಿಲ್ಲ. ಪಕ್ಕದ ಮನೆಯವರ ಎದುರು, ಅಧಿಕಾರಿಯ ಎದುರು, ನಾವು ಅಪಾಯದವರಲ್ಲ ಎಂದು ವರ್ಷವರ್ಷವೂ ರುಜುವಾತು ಕೊಡುತ್ತಾ ಬದುಕುವುದು ಎಂಥ ಬದುಕು ಎಂದು ಯಾವ ಅಲ್ಪಸಂಖ್ಯಾತ ಮನೆಯ ಮಗುವಿಗೂ ಅರ್ಥವಾಗುತ್ತದೆ. ಎಲ್ಲರೂ ಒಂದೇ ಸಾಲಿನಲ್ಲಿ, ಗಲಾಟೆಯಿಲ್ಲದೆ, ತಮ್ಮ ಸರದಿಗೆ ಕಾಯುತ್ತಾ ನಿಂತು ಫಲಕ ತುಳಿದರು. ಆ ಸಾಲಿನಲ್ಲೂ ಶಿಸ್ತು ಇತ್ತು.

ಇಷ್ಟೆಲ್ಲ ಕಷ್ಟಪಟ್ಟ ರೈತನಿಗೂ ಕೆಳಗೆ ಇನ್ನೊಂದು ವರ್ಗ ಇತ್ತು. ಸತ್ತ ದನದ ಚರ್ಮ ತೆಗೆಯುವವರು, ಚರ್ಮ ಹದ ಮಾಡುವವರು, ಮರಣದಂಡನೆಗೆ ಸಂಬಂಧಿಸಿದ ಕೆಲಸ ಮಾಡುವವರು. ಅವರನ್ನು ಮೈಲಿಗೆ ಎಂದು ಊರಿನ ಹೊರಗೆ ಇಟ್ಟರು. ವೇಷ, ಮದುವೆ, ವಾಸ ಎಲ್ಲಕ್ಕೂ ಕಟ್ಟಳೆ. ಸಮುರಾಯ್ ತೊಟ್ಟ ಕವಚದ, ಕುದುರೆಯ ಜೀನಿನ ಚರ್ಮ ಇವರ ಕೈಯಿಂದಲೇ ಬಂದದ್ದು. 1871ರಲ್ಲಿ ಹೊಸ ಸರ್ಕಾರ ಕಾನೂನಿನಿಂದ ಈ ಭೇದವನ್ನು ತೆಗೆದುಹಾಕಿತು. ಆದರೆ ಮನಸ್ಸಿನಿಂದ ಹೋಗಲಿಲ್ಲ. 1922ರಲ್ಲಿ ಅವರು ಸೂಯ್‌ಹೆಯ್‌ಶಾ ಎಂಬ ಸಂಘಟನೆ ಕಟ್ಟಿಕೊಂಡು ತಮ್ಮ ಮಾನಕ್ಕಾಗಿ ತಾವೇ ಹೋರಾಡಬೇಕಾಯಿತು. 1975ರಲ್ಲಿ, ಅಂಥ ಕೇರಿಗಳ ಹೆಸರಿನ ಗುಪ್ತ ಪಟ್ಟಿಯನ್ನು ಕಂಪೆನಿಗಳು ಕೊಂಡು, ಕೆಲಸ ಕೇಳಿ ಬಂದವರ ಮೂಲ ಹುಡುಕುತ್ತಿದ್ದವು ಎಂಬುದು ಬಯಲಾಯಿತು. ಊಳಿಗಮಾನ್ಯ ಪದ್ಧತಿ ಮುಗಿದು ನೂರು ವರ್ಷ ಕಳೆದ ಮೇಲಿನ ಮಾತಿದು.

ನಾನು ಒಂದೇ ಕಣ್ಣಿನಿಂದ ನೋಡುತ್ತಿದ್ದೇನೆ ಎಂದು ಯಾರಾದರೂ ಹೇಳಬಹುದು. ಟೊಕುಗಾವಾ ಕಾಲದ ಒಳ್ಳೆಯದನ್ನೂ ಒಪ್ಪಿಕೊಳ್ಳುತ್ತೇನೆ. ಶಿಮಬಾರಾದ ನಂತರ ಇನ್ನೂರಕ್ಕೂ ಹೆಚ್ಚು ವರ್ಷ ದೊಡ್ಡ ಯುದ್ಧವೇ ಇರಲಿಲ್ಲ. ಅದೇ ಹೊತ್ತಿಗೆ ಯುರೋಪಿನಲ್ಲಿ, ನಮ್ಮ ನಾಡಿನಲ್ಲಿ ಎಷ್ಟು ಯುದ್ಧಗಳಾದವು ಎಂಬುದು ನಮಗೆ ಗೊತ್ತು. ಊರೂರಿನಲ್ಲಿ 'ತೆರಾಕೋಯಾ' ಎಂಬ ಪಾಠಶಾಲೆಗಳು ಹುಟ್ಟಿ ಸಾಮಾನ್ಯರ ಮಕ್ಕಳು ಓದು, ಬರಹ, ಲೆಕ್ಕ ಕಲಿತರು. ಒಡೆಯರ ಮೆರವಣಿಗೆಗಳಿಂದ ರಸ್ತೆ, ಛತ್ರ, ಪೇಟೆಗಳು ಬೆಳೆದವು. ಇವೆಲ್ಲ ನಿಜ. ಮುಂದೆ ಜಪಾನ್ ಬೇಗ ಬೆಳೆಯಲು ಇವು ನೆರವಾದವು. ಆದರೆ ಗಮನಿಸಿ, ಇವನ್ನು ಕೊಟ್ಟದ್ದು ಕಲಿಕೆ, ವ್ಯಾಪಾರ, ನೆಮ್ಮದಿ. ಇದರಲ್ಲಿ ಕತ್ತಿಯ ಪಾಲು ಕಡಿಮೆ.

ಹಾಗಾದರೆ ನಾವು ಅನಿಮೆಯಲ್ಲಿ, ರೀಲ್ಸ್‌ನಲ್ಲಿ ನೋಡುವ ಸಮುರಾಯ್ ಎಲ್ಲಿಂದ ಬಂದ? ಶಾಂತಿಯ ಕಾಲದಲ್ಲಿ ಬಹಳಷ್ಟು ಸಮುರಾಯ್‌ಗಳು ಗುಮಾಸ್ತರಾಗಿದ್ದರು. ಲೆಕ್ಕ ಬರೆಯುವುದು, ಕಡತ ನೋಡುವುದು ಅವರ ಕೆಲಸ. ಕೆಳದರ್ಜೆಯವರು ಸಂಬಳ ಸಾಲದೆ ಕೊಡೆ ಮಾಡಿ ಮಾರಿದರು, ಅಕ್ಕಿ ವ್ಯಾಪಾರಿಗಳ ಬಳಿ ಸಾಲ ಮಾಡಿದರು. ಸಮುರಾಯ್ ಸಾವಿಗೆ ಸದಾ ಸಿದ್ಧನಿರಬೇಕು ಎಂದು ಹೇಳುವ ಪ್ರಸಿದ್ಧ ಪುಸ್ತಕ 'ಹಗಾಕುರೆ'. ಅದರ ಮಾತುಗಳನ್ನು ಹೇಳಿದ ಯಾಮಾಮೋಟೋ ತ್ಸುನೆತೋಮೋ ಒಂದು ಯುದ್ಧವನ್ನೂ ಮಾಡಿದವನಲ್ಲ. 'ಬುಶಿದೋ' ಎಂಬ ಪದವನ್ನು ಲೋಕಪ್ರಸಿದ್ಧ ಮಾಡಿದ ನಿಟೋಬೆ ಇನಾಝೋ ಅವರ ಪುಸ್ತಕ ಬಂದದ್ದು 1900ರಲ್ಲಿ, ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ. ಆಗ ಸಮುರಾಯ್ ವರ್ಗವೇ ಇರಲಿಲ್ಲ. ನಾನು ಚರ್ಚೆಯಲ್ಲಿ ಹೊಗಳಿದ್ದು ಬಹುಪಾಲು ಈ ನೆನಪಿನ ಸಮುರಾಯ್‌ನನ್ನು.

ಅವನ ಕೊನೆಯನ್ನೂ ಹೇಳಿಬಿಡುತ್ತೇನೆ. 1868ರಲ್ಲಿ ಶೋಗನ್ ಆಳ್ವಿಕೆ ಮುಗಿಯಿತು. 1871ರಲ್ಲಿ ಪ್ರಾಂತ್ಯದ ಒಡೆತನಗಳು ರದ್ದಾದವು. 1873ರಲ್ಲಿ ಎಲ್ಲ ವರ್ಗದ ಯುವಕರಿಗೂ ಸೇನಾ ಸೇವೆ ಬಂತು. 1876ರಲ್ಲಿ ಸಮುರಾಯ್ ಕತ್ತಿ ಕಟ್ಟಿಕೊಂಡು ಓಡಾಡುವಂತಿಲ್ಲ ಎಂದಾಯಿತು. ಮರುವರ್ಷ ಸೈಗೋ ತಕಮೋರಿಯ ನಾಯಕತ್ವದಲ್ಲಿ ಸತ್ಸುಮಾದ ಸಮುರಾಯ್‌ಗಳು ದಂಗೆ ಎದ್ದರು. ಅವರನ್ನು ಸೋಲಿಸಿದ ಸೇನೆಯಲ್ಲಿ ರೈತರ ಮಕ್ಕಳು ಬಹಳ ಮಂದಿ ಇದ್ದರು. ಮುನ್ನೂರು ವರ್ಷಗಳ ಹಿಂದೆ ಹಿದೆಯೋಶಿ ಯಾರ ಕೈಯಿಂದ ಕತ್ತಿ ಕಿತ್ತುಕೊಂಡಿದ್ದನೋ ಅವರ ವಂಶದವರು. ಯೋಧನ ಗುಣ ರಕ್ತದಲ್ಲಿ ಬರುತ್ತದೆ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಸ್ನೇಹಿತರೇ, ಶಿಸ್ತು ಬೇಡ ಎಂದು ನಾನು ಹೇಳುತ್ತಿಲ್ಲ. ಸಮಯಕ್ಕೆ ಬರುವುದು, ತರಗತಿಯನ್ನು ಸ್ವಚ್ಛವಾಗಿಡುವುದು, ಕೊಟ್ಟ ಮಾತು ಉಳಿಸಿಕೊಳ್ಳುವುದು ಎಲ್ಲರಿಗೂ ಬೇಕು. ದಿನಕ್ಕೆ ಐದು ಹೊತ್ತು ಸಮಯ ನೋಡಿ ಸಾಲಾಗಿ ನಿಲ್ಲುವ ನಮಗೆ ಶಿಸ್ತು ಹೊಸದಲ್ಲ. ಆ ಸಾಲಿನಲ್ಲಿ ಪ್ರಿನ್ಸಿಪಾಲರ ಪಕ್ಕ ಕಾಲೇಜಿನ ಜವಾನರೂ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತಾರೆ. ಯಾರು ಯಾವ ಮನೆತನ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪ್ರವಾದಿ ಮುಹಮ್ಮದ್(ಸ) ತಮ್ಮ ವಿದಾಯದ ಹಜ್ಜ್‌ನ ಪ್ರವಚನದಲ್ಲಿ ಕಲಿಸಿದ್ದು ಇದನ್ನೇ. ಹುಟ್ಟಿನಿಂದ ಒಬ್ಬನು ಇನ್ನೊಬ್ಬನಿಗಿಂತ ಮೇಲಲ್ಲ.

ಆದರೆ ಸಾಲು ಚದುರಿದ ಮೇಲೆ? ಮನೆಯಲ್ಲಿ ಮದುವೆ ಮಾತುಕತೆ ಬಂದಾಗ ನಮ್ಮ ಹಿರಿಯರು ಮೊದಲು ಕೇಳುವುದು ಏನು? ಅವರ ಅಜ್ಜ ಏನು ಕೆಲಸ ಮಾಡುತ್ತಿದ್ದರು, ಯಾವ ಖಾಂದಾನ್, ಯಾವ ಪಂಗಡ. ಕಸಾಯಿ ಕೆಲಸದವರ ಮಗ, ಮೀನು ಮಾರುವವರ ಮಗಳು ಎಂದು ದನಿ ತಗ್ಗಿಸಿ ಹೇಳುವುದನ್ನು ನಾನು ಕೇಳಿದ್ದೇನೆ. ನಮ್ಮ ಕ್ಯಾಂಟೀನಿನಲ್ಲೂ ಯಾರು ಯಾರ ಮೇಜಿನಲ್ಲಿ ಕೂರುತ್ತಾರೆ ಎಂದು ಒಂದು ವಾರ ಸುಮ್ಮನೆ ನೋಡಿ. ಜಪಾನಿನ ಆ ಗುಪ್ತ ಪಟ್ಟಿ ಅಚ್ಚಾದ ಪುಸ್ತಕವಾಗಿತ್ತು. ನಮ್ಮದು ಬಾಯಲ್ಲಿದೆ, ಅಷ್ಟೇ.

ಆದ್ದರಿಂದ ನನ್ನ ಭಾಷಣದ ಕೊನೆಯ ವಾಕ್ಯವನ್ನು ತಿದ್ದಿಕೊಳ್ಳುತ್ತೇನೆ. ಮೇಲಿನವರ ಮಾತನ್ನು ಕೆಳಗಿನವರು ಪ್ರಶ್ನಿಸದೆ ಕೇಳಿದರೆ ದೇಶ ಮೇಲೆ ಬರುತ್ತದೆ ಎಂದಿದ್ದೆ. ಮೇಲೆ, ಕೆಳಗೆ ಎಂದು ಇಟ್ಟವರು ಯಾರು ಎಂದು ಕೇಳುವುದನ್ನು ಕಲಿತರೆ ಮಾತ್ರ ಬರುತ್ತದೆ. ನನಗೆ ಅದನ್ನು ಕಲಿಸಿದ್ದು ಸರ್ ಕೇಳಿದ ಅನ್ನದ ಪ್ರಶ್ನೆ. ಮುಂದಿನ ಸಲ ಯಾವುದಾದರೂ ಕೋಟೆಯನ್ನೋ ರಾಜನನ್ನೋ ಕತ್ತಿಯನ್ನೋ ಹೊಗಳಲು ವೇದಿಕೆ ಹತ್ತುವ ಗೆಳೆಯ ಗೆಳತಿಯರು ಆ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಲಿ. ಬಹುಮಾನ ಬರದೆ ಹೋಗಬಹುದು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಮುಜುಗರ ಇರುವುದಿಲ್ಲ.

(ದ್ವಿತೀಯ ಪಿಯುಸಿ, ಕಲಾ ವಿಭಾಗ)